ಪಟ್ಟಿಯಲ್ಲಿಲ್ಲದ ಪದ

ಹದಿನಾಲ್ಕು ವರ್ಷದ ನಂತರ ಅವಳು ಬಾಗಿಲಲ್ಲಿ ಬಂದು ನಿಂತಾಗ ಅವನ ಕೈಯಲ್ಲಿ ಧೂಳಿನ ಬಟ್ಟೆ, ತಲೆಯಲ್ಲಿ ಜೇಡರ ಬಲೆ. ಬರುವವರು ಇಂಥ ಗಳಿಗೆಯನ್ನೇ ಹುಡುಕಿಕೊಂಡು ಬರುತ್ತಾರೆ, ಏನು ಮಾಡುವುದು!

"ಇನ್ನೂ ಇಲ್ಲೇ ಇದೀರಾ, ಪಟ್ಟಿ ಮೇಷ್ಟ್ರೇ?"

"ಕಟ್ಟಡ ಖಾಲಿ ಮಾಡೋವರೆಗೂ. ನೀವೇನು ಈ ಕಡೆ, ಟ್ಯೂಬ್ ಮೇಡಂ?"

"ಹಳೇ ಸ್ಯಾಂಪಲ್ ಒಪ್ಪಿಸೋಕೆ ಕರೆಸಿದಾರೆ. ಎಡಗಿವಿ ಮೇಲೆ ಬಲೆ ಇದೆ, ತೆಗೀರಿ."

ಅವನ ಕೈ ಗಡಿಬಿಡಿಯಲ್ಲಿ ಬಲಗಿವಿಗೆ ಹೋಯಿತು. ಅವಳು ತುಟಿ ಕಚ್ಚಿ ನಗು ತಡೆದಳು. ಆ ನಗು ಚೂರೂ ಹಳತಾಗಿರಲಿಲ್ಲ.

ಅಡ್ಡಹೆಸರುಗಳು ಆ ಕಾಲದವು. ಈ ಲ್ಯಾಬಿನಲ್ಲಿ ನೆನಪಿನ ಸಂಶೋಧನೆಗೆ ಒಳಗಾಗಲು ಬಂದವರಿಗೆ ಮೂವತ್ತು ಪದಗಳ ಪಟ್ಟಿ ಓದುವುದು ಅವನ ಕೆಲಸ. ಟ್ಯೂಬಿಗೆ ತೆಗೆದ ಅವರ ರಕ್ತದಿಂದ ಜೀನಿನ ಅಕ್ಷರ ಪತ್ತೆ ಮಾಡುವುದು ಅವಳದು. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬರಮಾಡಿಕೊಳ್ಳುವ ರಿಸೆಪ್ಟರ್ ಒಂದಿದೆ. ಅದರ ಜೀನಿನಲ್ಲಿ ಕೆಲವರಿಗೆ ಒಂದೇ ಒಂದು ಅಕ್ಷರ ಬೇರೆ. ಅಂಥವರಿಗೆ ಐದು ನಿಮಿಷದ ಹಿಂದೆ ಕೇಳಿದ್ದು ತುಸು ಕಡಿಮೆ ನೆನಪಿರುತ್ತದೆಯೇ ಎಂದು ನೋಡುತ್ತಿದ್ದರು.

ಪಟ್ಟಿ ಓದಿದ ಮೇಲೆ ಐದು ನಿಮಿಷ ಕಾಡುಹರಟೆ, ಬಂದವರು ಪದಗಳನ್ನು ಮನಸ್ಸಿನಲ್ಲೇ ಉರು ಹೊಡೆಯದಿರಲಿ ಎಂದು. ಆಮೇಲೆ ನೆನಪಿದ್ದಷ್ಟು ಬರೆದು, ಹಾಳೆ ಮಡಚಿ ಡಬ್ಬಕ್ಕೆ ಹಾಕಬೇಕು. ಓದಿದವನು ಆ ಹಾಳೆ ನೋಡುವಂತಿಲ್ಲ. ಅಂಕ ಹಾಕುವವರು ಕೆಂಪು ಪೆನ್ನಿನ ದೊಡ್ಡ ಮೇಡಂ ಒಬ್ಬರೇ.

ಒಂದು ದಿನ ಜನ ಕಡಿಮೆಬಿದ್ದು ಅವಳೇ ನಲವತ್ತೊಂದನೇ ನಂಬರಾಗಿ ಕುಳಿತಳು. ತುರುಬಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ಏಣಿ, ನಿಂಬೆ, ಗಡಿಯಾರ ಎಂದು ಓದುತ್ತಾ ಬಂದವನ ದನಿ 'ಕಂಬಳಿ' ಎಂಬ ಪದದ ಹತ್ತಿರ ನಡುಗಿತು. ಹರಟೆಯ ಐದು ನಿಮಿಷದಲ್ಲಿ ಬಿಸಿಲು ಮಳೆಯ ಮಾತಾಡಬೇಕಾದವನು, "ನನ್ನ ಮದುವೆ ಆಗ್ತೀರಾ?" ಎಂದುಬಿಟ್ಟ.

ಅವಳು ಕಣ್ಣೆತ್ತಿ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ನಮ್ಮ ಪುಣ್ಯಾತ್ಮ ಏನು ಮಾಡಿದ ಗೊತ್ತೇ? "ಈಗ ನೆನಪಿರೋದು ಬರೀರಿ" ಎಂದ!

ಅವಳು ಬರೆದಳು, ಮಡಚಿ ಡಬ್ಬಕ್ಕೆ ಹಾಕಿ ಕೆಂಪೇರಿದ ಮುಖದಲ್ಲಿ ಎದ್ದು ಹೋದಳು. ಮರುದಿನ ಮಾತಿಲ್ಲ, ಆಮೇಲೂ ಇಲ್ಲ. ಮೂರು ವಾರಕ್ಕೆ ರಕ್ತಪರೀಕ್ಷೆಯ ಫಲಿತಾಂಶ ಗೋಡೆಗೆ ಬಂತು. ನಲವತ್ತೊಂದಕ್ಕೆ ಅಕ್ಷರ ಬೇರೆ. ಓಹೋ, ಮರೆತೇ ಹೋಗಿದೆ ಇವಳಿಗೆ ಎಂದು ಅವನು ತೀರ್ಮಾನಿಸಿದ. ನೂರಾರು ಜನರ ಸರಾಸರಿಯನ್ನು ನಂಬಿದ, ಎದುರಿಗಿದ್ದ ಕಣ್ಣುಗಳನ್ನು ನಂಬಲಿಲ್ಲ.

ಒಳಗಿನ ಸಂಕಟ ಟೀ ಹೊತ್ತಿನಲ್ಲಿ ತಮಾಷೆಯಾಗಿ ಹೊರಬಿತ್ತು. "ಆ ಅಕ್ಷರದವರಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ." ಅವಳು ಅರ್ಧ ಕಪ್ ಟೀ ಹಾಗೇ ಬಿಟ್ಟು ಎದ್ದಳು. ತಿಂಗಳ ಕೊನೆಗೆ ಬೇರೆ ಊರಿನ ಆಸ್ಪತ್ರೆಯ ಲ್ಯಾಬ್ ಸೇರಿದಳು.

ಈಗ ಇಬ್ಬರೂ ನೆಲದ ಮೇಲೆ ಕುಳಿತು ಹಳೆಯ ಡಬ್ಬಗಳನ್ನು ವಿಂಗಡಿಸುತ್ತಿದ್ದರು.

"ಮನೇಲಿ ಎಲ್ಲಾ ಹೇಗಿದಾರೆ?" ಅವನು ಹೆದರಿ ಹೆದರಿ ಕೇಳಿದ.

"ಎಲ್ಲಾ ಅಂದ್ರೆ ನಾನು, ಅಮ್ಮ. ಅಷ್ಟೇ. ನಿಮ್ಮನೇಲಿ?"

"ಅಕ್ಕ ನಂಗೆ ಹೆಣ್ಣು ಹುಡುಕಿ ಹುಡುಕಿ ಕೈಚೆಲ್ಲಿ ಕೂತಿದಾಳೆ."

ಅವಳ ಕಣ್ಣು ಒಂದು ಕ್ಷಣ ಅವನ ಮೇಲೆ ನಿಂತು ಮತ್ತೆ ಕಾಗದಗಳಿಗೆ ಇಳಿಯಿತು. ಅಷ್ಟರಲ್ಲಿ ಅವನ ಕೈಗೆ ನಲವತ್ತೊಂದನೇ ನಂಬರಿನ ಮಡಚಿದ ಹಾಳೆ ಸಿಕ್ಕಿತು.

"ಇದನ್ನ ನೋಡ್ಲಾ?"

"ಆಗಲೇ ನೋಡಿದೀರಲ್ಲ," ಎಂದಳು ಮುಖ ತಿರುಗಿಸಿ.

"ಎಲ್ಲಿ? ಓದೋನು ನೋಡೋ ಹಾಗಿರಲಿಲ್ವಲ್ಲ."

ಅವಳ ಕೈ ನಿಂತಿತು. "ನಿಜವಾಗ್ಲೂ ನೋಡೇ ಇಲ್ವಾ?"

ಅವನು ಮಡಿಕೆ ಬಿಚ್ಚಿದ. ಹನ್ನೊಂದು ಪದಗಳಿದ್ದವು. ಅವುಗಳ ಕೆಳಗೆ, ಒತ್ತಿ ಬರೆದ ಹನ್ನೆರಡನೆಯದು: 'ಆಗ್ತೀನಿ'. ಪಕ್ಕದಲ್ಲಿ ದೊಡ್ಡ ಮೇಡಂ ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿ, 'ಪಟ್ಟಿಯಲ್ಲಿಲ್ಲ' ಎಂದು ಬರೆದಿದ್ದರು.

ಅವನಿಗೆ ಅಕ್ಷರಗಳು ಮಂಜಾದವು. ಇಷ್ಟು ವರ್ಷ ಈ ಉತ್ತರ ಮೂರು ಕೋಣೆ ಆಚೆ ಬೀರುವಿನಲ್ಲಿತ್ತು. ದಿನಾ ಅದರ ಮುಂದೆಯೇ ಓಡಾಡಿದ್ದ.

"ನಿಯಮ ಮುರಿದಾದ್ರೂ ನೀವು ಓದಿರ್ತೀರಿ, ಆಮೇಲೆ ನನ್ನ ಅಕ್ಷರ ನೋಡಿ ಬೇಡ ಅಂತ ಸುಮ್ಮನಾದ್ರಿ ಅಂದ್ಕೊಂಡೆ," ಎಂದಳು. "ಗೋಡೆ ಅಂದ್ರಲ್ಲ."

"ನೀವು ಮರೆತ್ರಿ ಅಂದ್ಕೊಂಡೆ."

"ಮರೆತೆ, ಹತ್ತೊಂಬತ್ತು ಪದ! ಅಂಥ ಪ್ರಶ್ನೆ ಕೇಳಿಸ್ಕೊಂಡ್ಮೇಲೆ ಯಾರಿಗ್ರೀ ಏಣಿ, ನಿಂಬೆ ನೆನಪಿರುತ್ತೆ?" ನಗುತ್ತಲೇ ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

ಅವನು ಅಭ್ಯಾಸಬಲದಿಂದ ಗಡಿಯಾರಕ್ಕಾಗಿ ಗೋಡೆಯ ಕಡೆ ನೋಡಿದ. ಅಲ್ಲಿ ಮೊಳೆ ಮಾತ್ರ ಇತ್ತು.

"ಗಡಿಯಾರ ಬೇಡ," ಎಂದಳು. "ಇನ್ನೊಂದ್ಸಲ ಕೇಳಿ. ಈ ಸಲ ಬಾಯಲ್ಲೇ ಹೇಳ್ತೀನಿ."

ಅವನು ಕೇಳಿದ. ದನಿ ಹಿಂದಿನಂತೆಯೇ ನಡುಗಿತು.

"ಆಗ್ತೀನಿ."

ಅವಳು ತುರುಬಿನಿಂದ ಪೆನ್ನು ತೆಗೆದು, ಕೆಂಪು ಗುರುತನ್ನು ಹೊಡೆದುಹಾಕಿ ಪಕ್ಕದಲ್ಲಿ ದೊಡ್ಡದಾಗಿ ಸರಿ ಗುರುತು ಎಳೆದಳು. ಆಮೇಲೆ ಕೈ ಚಾಚಿ, ಅವನ ಎಡಗಿವಿಯ ಮೇಲೆ ಇನ್ನೂ ಹಾಗೇ ಇದ್ದ ಬಲೆಯನ್ನು ಬಿಡಿಸತೊಡಗಿದಳು.

"ಎಡಗಿವಿ ಅಂತ ಬಂದ ತಕ್ಷಣ ಹೇಳಿದ್ದೆ," ಎಂದಳು. "ನಿಮ್ಮ ರಕ್ತಾನೂ ಒಂದ್ಸಲ ನೋಡಬೇಕು."