ಅಣ್ಣನ ವಯಸ್ಸು

"ಹೆಂಡತಿ ಇರೋ ಗಂಡಸು ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತೇನ್ರೀ?"

ಅಷ್ಟು ಕೇಳಿ ಅವಳು ಕೈಯಲ್ಲಿದ್ದ ಬೆಡ್‌ಶೀಟಿನ ತುದಿ ಬಿಟ್ಟುಬಿಟ್ಟಳು. ಆ ಕಡೆಯ ತುದಿ ನೆಲಕ್ಕೆ ಬಿತ್ತು. ಈ ಕಡೆಯ ತುದಿ ಹಿಡಿದುಕೊಂಡು ನಾನು ಪೆದ್ದನ ಹಾಗೆ ನಿಂತೆ.

ದೊಡ್ಡ ಹೋಟೆಲೊಂದರ ಲಾಂಡ್ರಿ ಅದು, ನೆಲಮಾಳಿಗೆಯಲ್ಲಿ. ಕಿಟಕಿ ಇರಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೂ ಬಿಸಿ ಹಬೆ, ಸೋಪಿನ ವಾಸನೆ, ಮೆಷಿನ್ನಿನ ಗಡಗಡ. ಆ ಗಲಾಟೆಯಲ್ಲಿ ಕೂಗಿದರೆ ಕೇಳಿಸುತ್ತಿರಲಿಲ್ಲ ಅಂತ ಅವಳು ಮೂಗಿನ ಮುಂದೆ ಬಂದು ಚಿಟಿಕೆ ಹೊಡೆದು ಕರೆಯುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಚಿಟಿಕೆ.

ಬೆಡ್‌ಶೀಟ್ ಮಡಿಸೋದು ಇಬ್ಬರ ಕೆಲಸ. ಆ ಎರಡು ಮೂಲೆ ಒಬ್ಬರು, ಈ ಎರಡು ಮೂಲೆ ಒಬ್ಬರು ಹಿಡಿದು ಒಂದು ಸಲ ಜಾಡಿಸಬೇಕು. ಉದ್ದಕ್ಕೆ ಮಡಿಸಿ, ಆಮೇಲೆ ಒಬ್ಬರ ಕಡೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ನನ್ನ ಬೆರಳಲ್ಲಿದ್ದ ಮೂಲೆ ಅವಳ ಬೆರಳಿಗೆ ಹೋಗಬೇಕು. ದಿನಕ್ಕೆ ನಾನೂರು ಬೆಡ್‌ಶೀಟು ಅಂದರೆ ನಾನೂರು ಸಲ. ಊರು ಬಿಟ್ಟು ಬಂದ ಮೇಲೆ ನನ್ನ ಕೈಗೆ ಇನ್ನೊಂದು ಜೀವದ ಕೈ ತಾಗಿದ್ದು ಅದೊಂದೇ.

ಅವಳು ನನ್ನನ್ನು ಮುದುಕಪ್ಪ ಅನ್ನುತ್ತಿದ್ದಳು, ಮುಖದ ಮುಂದೆಯೇ. ಕೆಲಸದ ಕಾರ್ಡಿನಲ್ಲಿ ನನ್ನ ವಯಸ್ಸು ಮೂವತ್ತೆರಡು ಅಂತಿತ್ತು. ಲಾಂಡ್ರಿಯಲ್ಲಿ ಮಿಕ್ಕವರೆಲ್ಲ ಇಪ್ಪತ್ತರ ಆಸುಪಾಸಿನವರು.

"ಮುದುಕಪ್ಪನೋರೇ, ಒಂದು ನರೆಕೂದಲೂ ಇಲ್ವಲ್ಲ, ಯಾವ ಎಣ್ಣೆ ಹಚ್ತೀರಿ?"

"ನಮ್ಮ ವಂಶದಲ್ಲೇ ಹಾಗೆ."

"ಗಡ್ಡ ಬರೋದೂ ವಂಶದಲ್ಲೇ ಲೇಟಾ?"

ಹೀಗಂದು ಬೆಡ್‌ಶೀಟನ್ನು ಮೂಗಿನ ತನಕ ಎತ್ತಿ ಹಿಡಿದು, ಅದರ ಮೇಲಿಂದ ಬರೀ ಎರಡು ಕಣ್ಣು ತೋರಿಸುತ್ತಿದ್ದಳು. ನಗುತ್ತಿದ್ದಾಳೋ ಇಲ್ಲವೋ ಅಂತ ಆ ಕಣ್ಣಿನ ಕೊನೆಯಲ್ಲಿ ಹುಡುಕಬೇಕು. ಹುಡುಕುತ್ತಾ ನಿಂತರೆ ನನಗೆ ಮಡಿಕೆ ತಪ್ಪುತ್ತಿತ್ತು. "ಕೈ ನೋಡಿ ಸ್ವಾಮಿ, ಕಣ್ಣು ಆಮೇಲೆ ನೋಡುವಿರಂತೆ" ಅನ್ನುತ್ತಿದ್ದಳು.

ಹೀಗೆ ಒಂದೂವರೆ ವರ್ಷ. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಆದರೆ ಅವಳ ಡಬ್ಬಿಯ ಅರ್ಧ ಊಟ ನನ್ನದು, ನನ್ನ ಅರ್ಧ ಅವಳದು ಅಂತ ತಾನಾಗಿಯೇ ಆಗಿಹೋಗಿತ್ತು.

ಆ ದಿನ ಎಲ್ಲರ ಪಾಸ್‌ಪೋರ್ಟೂ ಆಫೀಸಿನಿಂದ ವಾಪಸ್ ಬಂದವು. ಓದು ಬರಹ ಬಲ್ಲವಳು ಅಂತ ಸೂಪರ್‌ವೈಸರ್ ಹಂಚೋಕೆ ಅವಳ ಕೈಗೆ ಕೊಟ್ಟ. ನನ್ನದರ ಕೊನೆಯ ಹಾಳೆಯಲ್ಲಿ 'ಪತ್ನಿ' ಅನ್ನೋ ಜಾಗದಲ್ಲಿ ಒಂದು ಹೆಂಗಸಿನ ಹೆಸರಿತ್ತು. ಅವಳು ಅದನ್ನು ಓದಿಬಿಟ್ಟಳು.

ಅಲ್ಲಿಂದ ಹದಿನೈದು ದಿನ ನನ್ನ ಪಾಡು ನಾಯಿಪಾಡು. ಕೆಲಸ ಬಿಡೋ ಹಾಗಿಲ್ಲ, ಜೊತೆಗೇ ಮಡಿಸಬೇಕು. ಅವಳು ಹತ್ತಿರ ಬರುತ್ತಿದ್ದಳು, ಆದರೆ ಮೂಲೆಯನ್ನು ನನ್ನ ಬೆರಳಿಗೆ ಕೊಡದೆ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದಳು. ನಾನು ಎತ್ತಿಕೊಳ್ಳಬೇಕು. ಊಟದ ಡಬ್ಬಿ ಪೂರ್ತಿ ತಾನೇ ತಿನ್ನುತ್ತಿದ್ದಳು. ತಿನ್ನೋಕಾಗದೆ ತಿನ್ನುತ್ತಿದ್ದಳು. ಅದು ನನಗೆ ಕಾಣಿಸುತ್ತಿತ್ತು.

ಹದಿನಾರನೇ ದಿನ ಟೀ ಹೊತ್ತಿಗೆ ಹಿಂದಿನ ಮೆಟ್ಟಿಲ ಮೇಲೆ ಅವಳ ಪಕ್ಕ ಹೋಗಿ ಕೂತೆ.

"ಆ ಹೆಸರು ನನ್ನ ಅತ್ತಿಗೇದು."

"ಅತ್ತಿಗೇನ ಹೆಂಡತಿ ಅಂತ ಬರೆಸ್ಕೊಂಡಿದೀರಾ? ಥೂ!"

"ಪೂರ್ತಿ ಕೇಳು. ಪಾಸ್‌ಪೋರ್ಟ್ ನನ್ನದಲ್ಲ. ಅಣ್ಣಂದು."

ಹೇಳಿದೆ. ಈ ದೇಶಕ್ಕೆ ಬರಬೇಕಾಗಿದ್ದವನು ಅಣ್ಣ. ಬಾಯ್ಲರ್ ಕೆಲಸ ಕಲಿತವನು. ಮದುವೆಯಾಗಿ ಒಂದು ವರ್ಷ ಆಗಿತ್ತು. ಕಾಗದಪತ್ರ ಎಲ್ಲಾ ಕೈಗೆ ಬಂದ ವಾರಕ್ಕೆ ಜ್ವರ ಬಂತು, ಮೂರೇ ದಿನದಲ್ಲಿ ಹೋಗಿಬಿಟ್ಟ. ಹೊರಡೋಕೆ ಕಟ್ಟಿಟ್ಟ ಪೆಟ್ಟಿಗೆ ಬಾಗಿಲ ಹತ್ತಿರ ಹಾಗೇ ಇತ್ತು. ನಾವಿಬ್ಬರೂ ನೋಡೋಕೆ ಒಂದೇ ಅಚ್ಚು. ಹದಿನೈದನೇ ದಿನ ಅಮ್ಮ ನನ್ನ ಮುಂದೆ ಕೂತು, "ಚಿಕ್ಕೋನೇ, ಅವನಾಗಿ ನೀನು ಹೋಗು. ಇಲ್ಲಾಂದ್ರೆ ನಾವು ಮೂರು ಜನಾನೂ ಮುಳುಗಿಹೋಗ್ತೀವಿ" ಅಂದಳು. ಅತ್ತಿಗೆ ಬಾಗಿಲ ಹತ್ತಿರದಿಂದ ಆ ಪೆಟ್ಟಿಗೆ ತಂದು, ಅವನ ಅಂಗಿಗಳನ್ನು ತೆಗೆದು, ನನ್ನವನ್ನು ಇಟ್ಟಳು. ಆಮೇಲೆ ಏನನ್ನಿಸಿತೋ, ಅವನ ಎರಡು ಅಂಗಿ ವಾಪಸ್ ಇಟ್ಟಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಲ್ಲಿಗೆ ಬಂದ ಮೊದಲ ದಿನ ಬಾಯ್ಲರಿನ ಯಾವುದೋ ತಪ್ಪು ತಿರುಪು ತಿರುಗಿಸಿ ಇಡೀ ನೆಲಮಾಳಿಗೆಗೆ ಹಬೆ ತುಂಬಿಸಿದೆ. ಸೂಪರ್‌ವೈಸರ್ ತಲೆ ಚಚ್ಚಿಕೊಂಡು ನನ್ನನ್ನು ಮಡಿಸೋಕೆ ಹಾಕಿದ.

ಅವಳ ಕೈಯಲ್ಲಿದ್ದ ಲೋಟದಲ್ಲಿ ಟೀ ಆರಿತು. ಆಮೇಲೆ ತಟ್ಟನೆ ನನ್ನ ಕಡೆ ತಿರುಗಿದಳು.

"ಹಾಗಾದ್ರೆ ನಿಮ್ಮ ನಿಜವಾದ ವಯಸ್ಸು?"

"ಇಪ್ಪತ್ತೈದು."

"ನನಗೆ ಇಪ್ಪತ್ತಾರು ಕಣೋ!" ಅಂದಳು. "ಅಯ್ಯೋ ಕಳ್ಳ! ಒಂದೂವರೆ ವರ್ಷ ನನ್ನ ಬಾಯಲ್ಲಿ 'ರೀ' 'ನೀವು' ಅಂತ ಕರೆಸ್ಕೊಂಡೆಯಲ್ಲೋ! ಒಂದು ದಿನಾನಾದ್ರೂ ನಾಚಿಕೆ ಆಯ್ತಾ ನಿನಗೆ?"

"ಚೆನ್ನಾಗಿತ್ತು" ಅಂದೆ.

ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಬರೀ ನೀರೇ ಬಂತು.

"ನಿನ್ನ ಹೆಸರು ಹಿಡಿದು ಕರೆಯೋರು ಈ ದೇಶದಲ್ಲಿ ಒಬ್ಬರೂ ಇಲ್ವಲ್ಲೋ" ಅಂದಳು.

ನನಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ದೂರದೇಶದಲ್ಲಿ ಎಲ್ಲರೂ ಸ್ವಲ್ಪ ಬೇರೆಯವರಾಗಿಯೇ ಬದುಕುತ್ತಾರೆ ಅಂತ ಅಂದುಕೊಂಡಿದ್ದೆ. ನಾನು ಏಳು ವರ್ಷ ಮುಂದಕ್ಕೆ ಜಿಗಿದು ಬದುಕುತ್ತಿದ್ದೆ. ನಿಧಾನವಾಗಿ ನಡೆಯೋದು, ಮಾತು ಕಡಿಮೆ ಮಾಡೋದು, ಹುಡುಗರು ಚೆಂಡಾಟಕ್ಕೆ ಕರೆದರೆ ಮೊಣಕಾಲು ನೋವು ಅನ್ನೋದು. ಮೊಣಕಾಲು ನೋವು ಅನ್ನುತ್ತಾ ಅನ್ನುತ್ತಾ ನಿಜವಾಗಿಯೂ ಒಂದು ದಿನ ನೋಯೋಕೆ ಶುರುವಾಗಿತ್ತು.

ಅವತ್ತು ಅವಳು ನನ್ನ ಹೆಸರು ಕೇಳಿದಳು. ಹೇಳಿದೆ. ಮೆಟ್ಟಿಲ ಮೇಲೆ ಕೂತು ಮೂರು ಸಲ ಕರೆದಳು, ರುಚಿ ನೋಡುವ ಹಾಗೆ. ಮೂರು ಸಲವೂ ನಾನು ಓಗೊಟ್ಟೆ.

ಆಮೇಲಿನ ಒಂದು ತಿಂಗಳು ನನ್ನ ಜೀವಮಾನದ ಚೆಂದದ ತಿಂಗಳು. ಮೂಲೆ ಮತ್ತೆ ಬೆರಳಿಂದ ಬೆರಳಿಗೆ ಬಂತು, ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು. "ಬೇಗ ಕೊಡೋ, ಸೂಪರ್‌ವೈಸರ್ ನೋಡ್ತಿದಾನೆ" ಅನ್ನುತ್ತಿದ್ದಳು. ತಾನೇ ಬಿಡುತ್ತಿರಲಿಲ್ಲ.

ಆದರೆ ಅವಳಿಗೆ ಈ ದೇಶದಲ್ಲಿರೋ ಅನುಮತಿ ಇದ್ದದ್ದೇ ಇನ್ನೆರಡು ತಿಂಗಳು. ಅದು ಮುಗಿದರೆ ಊರಿಗೆ ವಾಪಸ್. ಇಲ್ಲಿ ಕಾಯಂ ನೆಲೆ ಇರುವವರನ್ನು ಮದುವೆಯಾಗಿ ರಿಜಿಸ್ಟರ್ ಮಾಡಿಸಿದರೆ ಮಾತ್ರ ಉಳಿಯಬಹುದು. ಅಣ್ಣನ ಬಾಯ್ಲರ್ ಸರ್ಟಿಫಿಕೇಟಿನ ದಯೆಯಿಂದ ನನಗೆ ನೆಲೆ ಇತ್ತು. ಆದರೆ ಅದೇ ಕಾಗದದಲ್ಲಿ ನನಗೆ ಹೆಂಡತಿಯೂ ಇದ್ದಳು.

"ಎಲ್ಲಾ ಬಿಟ್ಟು ನಿನ್ನ ಜೊತೆ ಬಂದ್ಬಿಡ್ತೀನಿ" ಅಂದೆ.

"ಬಂದು? ಅಲ್ಲಿ ಆ ಇಬ್ಬರು ಹೆಂಗಸರು ಏನು ತಿನ್ಬೇಕು, ನಿನ್ನ ಮುಖಾನಾ?"

"ಹಾಗಾದ್ರೆ ಕಾಯ್ತೀಯಾ?"

"ನನ್ನ ಹಿಂದೆ ಇಬ್ಬರು ತಂಗಿಯರಿದಾರೆ ಕಣೋ. ನಾನು ಕಾದಷ್ಟು ದಿನ ಅವರೂ ಕಾಯ್ಬೇಕು. ಅಪ್ಪ ಬಿಡಲ್ಲ."

ಇಂಥ ಕಾಗದಗಳನ್ನು ಬರೆದುಕೊಡುವವನೊಬ್ಬ ಬೀದಿಯ ಕೊನೆಯಲ್ಲಿ ಕೂರುತ್ತಿದ್ದ. ಅವನನ್ನು ಕೇಳಿದೆವು. ಅವನಿಗೆ ಇದು ದೊಡ್ಡ ವಿಷಯವೇ ಅಲ್ಲ. "ಊರಲ್ಲಿರೋ ಹೆಂಡತಿ ಡೈವೋರ್ಸಿಗೆ ಒಪ್ಪಿಗೆ ಸೈನ್ ಹಾಕಿ ಕಳಿಸಲಿ. ಆರು ವಾರದಲ್ಲಿ ಮುಗಿಸಿಕೊಡ್ತೀನಿ" ಅಂದ.

ಹೊರಗೆ ಬಂದು ಅವಳು, "ಸತ್ತವರಿಗೂ ಡೈವೋರ್ಸ್ ಕೊಡೋ ಊರು ಇದು" ಅಂತ ನಗೋಕೆ ನೋಡಿದಳು. ನಗು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಫೋನ್ ಬೂತಿಗೆ ಹೋದೆವು. ಒಬ್ಬರು ನಿಲ್ಲುವಷ್ಟೇ ಜಾಗ. ಇಬ್ಬರೂ ನುಗ್ಗಿಕೊಂಡು, ರಿಸೀವರಿಗೆ ಆ ಕಡೆ ಅವಳ ಕಿವಿ, ಈ ಕಡೆ ನನ್ನ ಕಿವಿ. ಅವಳ ಕೂದಲಲ್ಲಿ ಲಾಂಡ್ರಿ ಸೋಪಿನ ವಾಸನೆ. ಊರಲ್ಲಿ ಅಂಗಡಿಯ ಫೋನಿಗೆ ಅತ್ತಿಗೆ ಬಂದಳು.

ತಡವರಿಸಿಕೊಂಡು ಎಲ್ಲಾ ಹೇಳಿದೆ.

"ಹುಡುಗಿ ಹೇಗಿದಾಳೆ?" ಅಂದಳು ಅತ್ತಿಗೆ.

"ಚೆನ್ನಾಗಿದಾಳೆ ಅತ್ತಿಗೆ. ಬಾಯಿ ಸ್ವಲ್ಪ ಜೋರು."

ಚಿಟಿಕೆ ನನ್ನ ಪಕ್ಕೆಗೆ ತಿವಿದಳು.

"ಬಾಯಿ ಇರ್ಲಿ. ನಿನಗಂತೂ ಇಲ್ಲ" ಅಂದಳು ಅತ್ತಿಗೆ. "ಕಾಗದ ಕಳಿಸು. ಸೈನ್ ಹಾಕ್ತೀನಿ. ನಿನ್ನ ಬದುಕು ನಮಗೆ ಅಂತ ಎತ್ತಿಟ್ಟಿದ್ದು ಸಾಕು."

ಅತ್ತಿಗೆಯೇ ಮತ್ತೆ ಮಾತಾಡಿದಳು, ದನಿ ತಗ್ಗಿಸಿ. ಅಂಗಡಿಯಲ್ಲಿ ಜನ ಇದ್ದರೇನೋ.

"ಒಂದು ಕೇಳ್ತೀನಿ, ನಗಬೇಡ. ಆ ಕಾಗದದಲ್ಲಿ ಏನಂತ ಬರೀತಾರೆ? ನಾನು ಅವರನ್ನ ಬೇಡ ಅಂದೆ ಅಂತಾನಾ, ಅವರು ನನ್ನ ಬೇಡ ಅಂದರು ಅಂತಾನಾ?"

ನಾನು ಫೋನಿಗೆ ಇನ್ನೊಂದು ನಾಣ್ಯ ಹಾಕಿದೆ.

"ನಾನೇ ಬೇಡ ಅಂದೆ ಅಂತ ಬರೆಸಿಬಿಡು ಚಿಕ್ಕೋನೇ. ಅವರ ಮೇಲೆ ಮಾತು ಬರೋದು ಬೇಡ. ಅವರು ನನ್ನ ಒಂದು ದಿನಾನೂ ಬೇಡ ಅಂದೋರಲ್ಲ." ಆಮೇಲೆ, "ಇಲ್ಲಿ ಎಲ್ಲರ ಬಾಯಲ್ಲೂ ನಾನು ಗಂಡ ಸತ್ತೋಳು. ನಿನ್ನ ಆ ಪುಸ್ತಕದಲ್ಲಿ ಮಾತ್ರ ಅವರು ಇನ್ನೂ ಇದಾರಲ್ಲ, ಪಕ್ಕದಲ್ಲಿ ನನ್ನ ಹೆಸರೂ ಇದೆಯಲ್ಲ ಅಂತ ಆಗಾಗ ನೆನಪಿಸ್ಕೋತಿದ್ದೆ. ಹುಚ್ಚು ನಂದು. ನೀನು ಕಳಿಸು" ಅಂದಳು.

ನನ್ನ ಕಿವಿಯ ಪಕ್ಕದಿಂದ ಚಿಟಿಕೆಯ ಕಿವಿ ಸರಿಯಿತು. ಅವಳು ಬೂತಿನ ಬಾಗಿಲು ನೂಕಿ ಹೊರಗೆ ಹೋದಳು.

ಫೋನಿಟ್ಟು ಬಂದಾಗ ಅವಳು ಎದುರಿನ ಅಂಗಡಿಯ ಮುಚ್ಚಿದ ಬಾಗಿಲಿಗೆ ಒರಗಿ ನಿಂತಿದ್ದಳು.

"ಬೇಡ" ಅಂದಳು.

"ಅತ್ತಿಗೆ ಒಪ್ಪಿದಾಳಲ್ಲ."

"ಒಪ್ಪಿದಾರೆ ಅಂತಾನೇ ಬೇಡ. ಬೈದಿದ್ರೆ, ಅತ್ತಿದ್ರೆ, ಜಗಳ ಆಡಿ ತಗೊಂಡುಬಿಡ್ತಿದ್ದೆ. ಇಷ್ಟು ಸುಲಭವಾಗಿ ಕೊಟ್ಟರೆ ಹೇಗೆ ತಗೊಳ್ಳೋದು?"

"ಬರೀ ಕಾಗದ ಕಣೇ ಅದು."

"ನನಗೆ ನೀನು ಬೇಕಾದ್ರೂ ಬರೀ ಕಾಗದಾನೇ ಬೇಕಲ್ಲೋ" ಅಂದಳು. "ನನಗೆ ಬೇಕು ಅನ್ನೋವಾಗ ದೊಡ್ಡದು, ಅವರ ಕೈಯಿಂದ ಕಿತ್ಕೊಳ್ಳೋವಾಗ ಬರೀ ಕಾಗದಾನಾ?"

ನಾನು ಜಗಳ ಆಡಬೇಕಿತ್ತು. ಆಡಲಿಲ್ಲ. ಅವಳು ಹೇಳಿದ್ದು ಸರಿ ಅಂತ ನನಗೂ ಒಳಗೊಳಗೇ ಗೊತ್ತಾಗಿತ್ತು. ಆಗ ಮಾತಾಡದೆ ಇದ್ದದ್ದು ಒಳ್ಳೇತನವೋ ಕೈಲಾಗದತನವೋ ಅಂತ ಇವತ್ತಿಗೂ ಯೋಚಿಸುತ್ತೇನೆ. ಎರಡೂ ಇತ್ತು ಅನ್ನಿಸುತ್ತದೆ.

ಅವಳು ಹೊರಟ ಬೆಳಿಗ್ಗೆ ಬಸ್ ನಿಲ್ದಾಣದವರೆಗೆ ಪೆಟ್ಟಿಗೆ ಹೊತ್ತೆ. ಬೆಂಚಿನ ಮೇಲೆ ಕೂತೆವು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.

"ಇನ್ನೊಂದು ಸಲ ಯೋಚನೆ ಮಾಡು" ಅಂದೆ.

"ಯೋಚನೆ ಮಾಡಿದ್ರೆ ಉಳ್ಕೊಂಡುಬಿಡ್ತೀನಿ. ಅದಕ್ಕೇ ಮಾಡ್ತಿಲ್ಲ."

"ಕಾಗದ ಬರೀತೀಯಾ?"

"ನೀನು ಓದೋ ಸ್ಪೀಡಿಗೆ ಒಂದು ಕಾಗದಕ್ಕೆ ಒಂದು ವರ್ಷ ಬೇಕು." ನಕ್ಕಳು. ಆಮೇಲೆ ನನ್ನ ಕೊರಳಪಟ್ಟಿ ಸರಿ ಮಾಡಿದಳು. ಅವತ್ತು ನಾನು ಅಣ್ಣನ ಅಂಗಿ ಹಾಕಿದ್ದೆ, ಅದು ಅವಳಿಗೆ ಗೊತ್ತಿರಲಿಲ್ಲ. "ಬರೆಯಲ್ಲ ಕಣೋ. ನಾಳೆ ಯಾರನ್ನೋ ಮದುವೆ ಆದ್ರೆ ಅವನಿಗೆ ಪೂರ್ತಿ ಹೆಂಡತಿ ಆಗಿರ್ಬೇಕು ನಾನು. ಅರ್ಧ ಆಗೋದು ನನ್ನ ಕೈಲಾಗಲ್ಲ."

ಬಸ್ಸು ಬಂತು. ಹತ್ತಿದಳು. ಕಿಟಕಿ ಆ ಕಡೆಯದು ಸಿಕ್ಕಿತು, ಈ ಕಡೆಯದಲ್ಲ. ಹಾಗಾಗಿ ಕೈ ಬೀಸಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಫೋನಿನಲ್ಲಿ ಅತ್ತಿಗೆ ಮತ್ತೆ ಕೇಳಿದಳು, "ಕಾಗದ ಇನ್ನೂ ಬಂದಿಲ್ವಲ್ಲ?"

"ಹುಡುಗಿ ಮನಸ್ಸು ಬದಲಾಯಿಸಿದಳು ಅತ್ತಿಗೆ."

ಅತ್ತಿಗೆಗೆ ನಿಜ ಗೊತ್ತಾಗಿತ್ತು. ಆಮೇಲಿಂದ ಪ್ರತಿ ಫೋನಿನಲ್ಲೂ ಮೊದಲು ಕೇಳುತ್ತಿದ್ದ ಮಾತು, "ಊಟ ಮಾಡಿದ್ಯಾ?" ಒಂದು ವಾರವೂ ತಪ್ಪಿಸಲಿಲ್ಲ.

ಅಣ್ಣ ಮೂವತ್ತು ದಾಟಲಿಲ್ಲ. ಅವನಿಗೆ ನಲವತ್ತು ತುಂಬಿಸಿದ್ದು ನಾನು, ಐವತ್ತು ತುಂಬಿಸಿದ್ದು ನಾನು. ಅಮ್ಮ ಹೋದಳು. ಅಣ್ಣನಿಗೆ ಅರವತ್ತೈದಾದ ವರ್ಷ ಅತ್ತಿಗೆ ಹೋದಳು. ಕೊನೆಯ ದಿನಗಳಲ್ಲಿ ಊರಿಗೆ ಹೋಗಿ ಹತ್ತಿರವಿದ್ದು ನೋಡಿಕೊಂಡೆ, ಅಷ್ಟು ಸಮಾಧಾನ.

ಈ ದೇಶಕ್ಕೆ ವಾಪಸ್ ಬಂದ ಮೇಲೆ, ಹೆಂಡತಿ ತೀರಿಕೊಂಡಳು ಅಂತ ಇಲ್ಲಿನ ಆಫೀಸಿಗೆ ತಿಳಿಸಬೇಕಿತ್ತು. ಕೌಂಟರಿನಲ್ಲಿ ಒಬ್ಬಳು ಹುಡುಗಿ, ಮೆದು ಮಾತಿನವಳು.

"ಎಷ್ಟು ವರ್ಷದ ಸಂಸಾರ ಸಾರ್?"

ಎಣಿಸಿದೆ. "ಮೂವತ್ತಾರು."

"ಈ ಕಾಲದಲ್ಲಿ ಅಷ್ಟು ವರ್ಷ ಯಾರು ಇರ್ತಾರೆ ಸಾರ್" ಅಂದಳು. ನನ್ನ ಕಣ್ಣು ನೋಡಿ ಕುಡಿಯೋಕೆ ನೀರು ತಂದುಕೊಟ್ಟಳು. ಕುಡಿಯುವವರೆಗೆ ಕಾದಳು. ಆಮೇಲೆ ಫಾರ್ಮು ತಿರುಗಿಸಿ, ಸಂಕೋಚದಿಂದ, "ಇದೊಂದು ಕೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಮುಂದೆ ಮದುವೆ ಆಗೋ ವಿಚಾರ ಇದೆಯಾ?" ಅಂದಳು.

"ಒಬ್ಬರನ್ನ ಕೇಳಬೇಕಿತ್ತು" ಅಂದೆ.

ಹುಡುಗಿ ಪೆನ್ನು ಹಿಡಿದುಕೊಂಡೇ ತಲೆ ಎತ್ತಿದಳು. "ಯಾರನ್ನ ಸಾರ್?"

"ಅವರಿಗೆ ಈಗ ಮೊಮ್ಮಕ್ಕಳಿರಬಹುದು" ಅಂದೆ. "ಇಲ್ಲ ಅಂತ ಬರ್ಕೊಳ್ಳಮ್ಮ."