ಹೆದ್ದಾರಿ ಬದಿಯ ಬನ್ನಿ

ವಿಜಯದಶಮಿಯ ಮಧ್ಯಾಹ್ನ. ಬ್ಯಾಡಗಿ ಕ್ರಾಸಿನ ಹತ್ತಿರ, ಹೆದ್ದಾರಿ ಬದಿಯ ಬನ್ನಿ ಮರದ ಕೆಳಗೆ ಹುಡುಗಿಯೊಬ್ಬಳ ಹೆಣ ಬಿದ್ದಿತ್ತು. ಯಾವುದೋ ವಾಹನ ಗುದ್ದಿತ್ತು. ಹೆಸರು ಶ್ವೇತಾ. ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವಳು ಎಂದು ಗುರುತಿನ ಚೀಟಿ ಹೇಳುತ್ತಿತ್ತು. ಪಕ್ಕದಲ್ಲೇ ಒಂದು ಲಾರಿ ನಿಂತಿತ್ತು. ಚಾಲಕ ದಾದಾಸಾಬನಿಗೆ ಜನ ಆಗಲೇ ನಾಲ್ಕು ಬಿಗಿದು ಕೂರಿಸಿದ್ದರು.

"ನಾ ಗುದ್ದಿಲ್ರಿ ಬಾಯಾರ," ಎಂದು ಆತ ಸಬ್‌ಇನ್‌ಸ್ಪೆಕ್ಟರ್ ಪುಷ್ಪಲತಾಳಿಗೆ ಕೈ ಮುಗಿದ. "ಬಿಳಿ ಕಾರೊಂದು ಹಿಂದಕ್ಕ ಬಂದು ಗುದ್ದಿ ಓಡಿಹೋತು. ಹುಡುಗಿಗೆ ಇನ್ನೂ ಜೀವ ಇತ್ತರಿ. ಲಾರಿ ನಿಲ್ಲಿಸಿ ನೀರ ಕುಡಿಸೀನಿ."

"ಕಾರಿನ ನಂಬರ್?"

"ನೋಡ್ಲಿಲ್ರಿ. ಹುಡುಗೀನ ನೋಡಿದೆ."

ನಂಬುವವರು ಯಾರು? ಓಡಿಹೋದವನು ಸಂಭಾವಿತ, ನಿಂತವನು ಕಳ್ಳ. ನಮ್ಮ ರಸ್ತೆಗಳ ನ್ಯಾಯವೇ ಇಷ್ಟು.

ಕಾನ್‌ಸ್ಟೇಬಲ್ ದುರುಗೇಶ ನೆಲದಿಂದ ಪುಟ್ಟ ಸೀಸೆ ಎತ್ತಿದ. ನೀರಿನಂಥ ತಿಳಿ ಉಗುರುಬಣ್ಣ. ಮುಚ್ಚಳ ತೆರೆದಿತ್ತು.

"ಯಾರಿಗೋ ಕಾಯಾಕತ್ತಿದ್ಲು ಕಾಣ್ತೈತ್ರಿ ಮೇಡಂ. ಸಿಂಗಾರ ನಡದಿತ್ತು."

"ಸತ್ತಾಕಿ ಬಗ್ಗೆ ನಾಲಿಗಿ ಬಿಗಿ ಇರ್ಲಿ," ಎಂದು ಗದರಿ ಪುಷ್ಪಲತಾ ಬಾಗಿ ನೋಡಿದಳು. ಹುಡುಗಿಯ ಉಗುರುಗಳಿಗೆಲ್ಲ ಮಸಿ ಮೆತ್ತಿತ್ತು. ಒಂದಕ್ಕೂ ಬಣ್ಣ ಹಚ್ಚಿರಲಿಲ್ಲ.

* * *

ಠಾಣೆಯ ಮೆಟ್ಟಿಲ ಮೇಲೆ ದಾದಾಸಾಬನ ಹೆಂಡತಿ ಬಿಸ್ಮಿಲ್ಲಾಬಿ ಕುಳಿತಿದ್ದಳು. "ನಾಳೆ ಕೋರ್ಟಿಗೆ ಹಾಕ್ತಾರಂತ. ನೀರ ಕುಡಿಸಿದ್ದಕ್ಕ ಜೈಲೇನ್ರಿ ಅಕ್ಕಾರ?" ಎಂದಳು. ಪುಷ್ಪಲತಾ ಒಳಗೆ ಹೋಗಿ ಶ್ವೇತಾಳ ಪ್ರಾಧ್ಯಾಪಕಿ ಸುನಿತಾಗೆ ಫೋನು ಹಚ್ಚಿದಳು.

"ಉಗುರುಬಣ್ಣ ಎಲಿಗೆ ಹಚ್ಚಾಕ್ರಿ," ಎಂದರು ಸುನಿತಾ. ಅಳುತ್ತಿದ್ದರು. "ಒಣಗಿದ ಮ್ಯಾಲೆ ಅದನ್ನ ಸುಲದ್ರ ಎಲಿ ಉಸಿರಾಡೋ ತೂತಿನ ಅಚ್ಚು ಸಿಗ್ತದ. ಹೆದ್ದಾರಿ ಹೊಗಿ, ಮಸಿ ಎಲ್ಲಾ ಕುಡದೂ ಗಿಡ ಹೆಂಗ ಬದುಕ್ತಾವ ಅಂತ ನೋಡೂದು ಆಕಿ ಕೆಲಸ. ಕಣಗಿಲ ತನ್ನ ತೂತುಗಳ್ನ ಎಲಿ ತಗ್ಗಿನ್ಯಾಗ ಬಚ್ಚಿಟ್ಟಿರ್ತದ, ಅದಕ್ಕ ತಡೀತದ. ಬನ್ನಿ ಹೆಂಗ ತಡೀತದ ಅಂತ ಇವತ್ತ ಹೋಗಿದ್ಲು."

"ಹಬ್ಬದ ದಿನಾನ ಯಾಕ್ರಿ?"

"ಸಂಜೀ ಆದ್ರ ಮರದಾಗ ಎಲಿ ಉಳಿಯಂಗಿಲ್ಲಲ್ರಿ. ಜನ ಎಲ್ಲಾ ಕಿತಗೊಂಡು ಹೋಗ್ತಾರ."

* * *

ಸಂಜೆ ಪುಷ್ಪಲತಾಳ ತಮ್ಮ ಕೊಟ್ರೇಶ ಠಾಣೆಗೇ ಬಂದ. ಅವ್ವ ತೀರಿದಾಗ ಅವನು ಅಂಬೆಗಾಲಿಡುತ್ತಿದ್ದ. ಸಾಕಿದವಳು ಇವಳೇ. ಕಾಲು ಮುಟ್ಟಿ ನಮಸ್ಕರಿಸಿ, ಅಕ್ಕನ ಬೊಗಸೆಗೆ ಬನ್ನಿ ಸುರಿದ.

"ಅಕ್ಕಾ, ಬನ್ನಿ ತಗೊಂಡು ಬಂಗಾರದಂಗ ಇರೋಣು."

"ಬಂಗಾರದಂಗ ಇರೋಣಪ್ಪಾ. ಎಲ್ಲಿದ್ದಿ ಮುಂಜಾನಿಂದ?"

"ಐರಣಿ ಊರಾಗ. ಬನ್ನೀನೂ ಅಲ್ಲೀದ, ಹೊಳಿ ದಂಡೀದು."

ಪುಷ್ಪಲತಾಳ ಅಂಗೈ ಕಪ್ಪಾಗಿತ್ತು. ಹೊಳೆ ದಂಡೆಯ ಎಲೆಗೆ ಡೀಸೆಲ್ ಮಸಿ ಎಲ್ಲಿಂದ ಬಂತು? ದೀಪದ ಕೆಳಗೆ ಹಿಡಿದಳು. ಕೆಲವು ಎಲೆಗಳ ಮೇಲೆ ತೆಳ್ಳನೆಯ ಪೊರೆ ಮಿರಮಿರ ಹೊಳೆಯಿತು. ದೇವರೇ, ಇದು ಸುಳ್ಳಾಗಲಿ ಎಂದುಕೊಂಡಳು.

"ನಿನ್ನ ಬಿಳಿ ಕಾರ ಎಲ್ಲೈತೋ?"

"ಗ್ಯಾರೇಜಿಗೆ ಬಿಟ್ಟೇನಿ."

"ದಸರಾ ದಿನ ಪಾನಾ, ಸುತ್ತಿಗಿ ಎಲ್ಲಾ ಪೂಜಿಗೆ ಕುಂತಿರ್ತಾವ. ಯಾವ ಗ್ಯಾರೇಜ್ ತಗದಿತ್ತೋ ಕೊಟ್ರ್ಯಾ?"

ಅವಳು ಎಲೆಯೊಂದನ್ನು ಅವನ ಕಣ್ಣ ಮುಂದೆ ಹಿಡಿದಳು.

"ಆ ಹುಡುಗಿ ಇವತ್ತ ಮರದಾಗಿನ ಎಲಿಗೆ ಉಗುರುಬಣ್ಣ ಹಚ್ಚಿದ್ಲು. ಇದ ನೋಡು, ಒಣಗಿ ಹೊಳ್ಯಾಕತ್ತೈತಿ. ಆಕಿ ಹಚ್ಚಿದ ಮ್ಯಾಲೆ ನೀ ಕಿತ್ತೀದಿ. ಕಿತಗೊಂಡು ಕಾರ ಹಿಂದಕ್ಕ ತಗದಿ. ಹೌದಲ್ಲೋ?"

ಕೊಟ್ರೇಶ ಗೋಡೆಗೊರಗಿ ಕುಸಿದ. "ಕಾಣ್ಲಿಲ್ಲ ಅಕ್ಕಾ. ಗಿಡದ ಹಿಂದ ಕುಂತಿದ್ಲು. ಅಂಜಿಕಿ ಬಂತು, ಓಡಿಬಂದೆ."

"ಜೀವ ಇತ್ತಲ್ಲೋ ಆಕಿಗೆ! ಈ ಬನ್ನೀನರ ಚೆಲ್ಲಿದ್ರ ನಾ ನಿನ್ನ ಹಿಡೀತಿದ್ದಿಲ್ಲ. ಯಾಕ ಚೆಲ್ಲಲಿಲ್ಲ?"

"ಬನ್ನಿ ಹೆಂಗ ಚೆಲ್ಲೂದಕ್ಕಾ? ಬಂಗಾರ ಅಂತಾರ... ಮನಸ ಬರಲಿಲ್ಲ."

"ಎಲಿ ಚೆಲ್ಲಾಕ ಮನಸ ಬರಲಿಲ್ಲ. ಹುಡುಗೀನ ಬಿಟ್ಟ ಬರಾಕ ಬಂತು!"

ಅವಳು ಅವನ ಕಪಾಳಕ್ಕೆ ಬಾರಿಸಿದಳು. ಮರುಕ್ಷಣ ಆ ತಲೆಯನ್ನೇ ಎದೆಗೆ ಒತ್ತಿಕೊಂಡು ಅತ್ತಳು. ಕರುಳು ಕಾನೂನಿನ ಮಾತು ಕೇಳುತ್ತದೆಯೇ? ಅತ್ತು ಮುಗಿಸಿ, ದುರುಗೇಶನನ್ನು ಕರೆದು ತಮ್ಮನನ್ನು ಒಪ್ಪಿಸಿದಳು.

* * *

ದಾದಾಸಾಬನನ್ನು ಹೊರಗೆ ಬಿಟ್ಟಾಗ ಬಿಸ್ಮಿಲ್ಲಾಬಿ ಗಂಡನ ಅಂಗಿ ಹಿಡಿದುಕೊಂಡು ಬಿಕ್ಕಿದಳು. ದಾದಾಸಾಬ ಮಾತ್ರ ಪುಷ್ಪಲತಾಳ ಮುಂದೆ ತಡೆದು ನಿಂತ.

"ಬಾಯಾರ, ಆಕಿ ಕಡೀಕ ಒಂದ ಮಾತ ಅಂದ್ಲರಿ. 'ಅಣ್ಣಾ, ಬಿಟ್ಟ ಹೋಗಬ್ಯಾಡ' ಅಂದ್ಲು. ಹೋಗ್ಲಿಲ್ಲ ಅಂತ ಅವರ ಮನ್ಯಾಗ ಹೇಳ್ರಿ."

ಅವಳು ತಲೆಯಾಡಿಸಿದಳು. ಒಳಗೆ ಬಂದು ಹಾವೇರಿಯ ಹಿರಿಯ ಅಧಿಕಾರಿಗೆ ಫೋನು ಮಾಡಿದಳು.

"ಸಾಹೇಬರ, ಈ ಕೇಸ್ ಬ್ಯಾರೆಯವರಿಗೆ ಕೊಡ್ರಿ. ಗುದ್ದಿದಾಂವ ಸಿಕ್ಕಾನ."

"ಶಾಬಾಸ್! ಯಾರಂವ?"

ಆರೋಪಿ ಎನ್ನಬೇಕೆಂದಿದ್ದಳು. ಆ ಪದ ನಾಲಿಗೆಗೆ ಬರಲಿಲ್ಲ.

"ನಮ್ಮ ಕೊಟ್ರ್ಯಾ ರೀ," ಎಂದಳು.