ಕಿಟಕಿ ತೆರೆಸುವವಳು

ಆರೋಗ್ಯ ಕಚೇರಿಯ ಅಂಗಳದಲ್ಲಿ ಬೆಳಗಾದರೆ ಜೋಡಿ ಕೂಗುವ ಪದ್ಧತಿ. ಗುಮಾಸ್ತ ಮೆಟ್ಟಿಲ ಮೇಲೆ ನಿಂತು, ಮೂಗುಬಾಯಿ ಮುಚ್ಚಿದ ಬಟ್ಟೆಯೊಳಗಿಂದಲೇ ಗಂಟಲು ಹರಿದುಕೊಂಡು, ಇಂಥ ಬೀದಿಗೆ ಇಂಥವರು ಎಂದು ಕೂಗುತ್ತಿದ್ದ. ಕೂಗಿಸಿಕೊಂಡ ಇಬ್ಬರು ಗುಂಪಿನಿಂದ ಹೊರಗೆ ಬಂದು, ಔಷಧದ ಚೀಲ ಹೆಗಲಿಗೇರಿಸಿ ಹೊರಡಬೇಕು. ಇನ್‌ಫ್ಲುಯೆಂಜಾ ಊರಿಗೆ ಕಾಲಿಟ್ಟಾಗಿನಿಂದ ಇದೇ ನಿತ್ಯದ ಕ್ರಮ.

ಆ ದಿನ ಗಿರಣಿ ಬೀದಿಗೆ ಆರೋಗ್ಯ ಇನ್‌ಸ್ಪೆಕ್ಟರನನ್ನು ಕೂಗಿದಾಗ ನರ್ಸಿನ ಕಾಲು ತಾನಾಗಿಯೇ ಮುಂದೆ ಬಂದಿತ್ತು. ಆದರೆ ಅವನ ಜೊತೆಗೆ ಗುಮಾಸ್ತ ಕೂಗಿದ್ದು, ನಾಟಕಶಾಲೆ ಮುಚ್ಚಿದ ಮೇಲೆ ಸ್ವಯಂಸೇವಕಿಯಾಗಿ ಬಂದಿದ್ದ ನಾಟಕದ ಗಾಯಕಿಯನ್ನು. ಮುಂದಿಟ್ಟ ಹೆಜ್ಜೆಯನ್ನು ನಾಲ್ಕು ಜನರೆದುರಿಗೆ ಹಿಂದಕ್ಕೆ ತೆಗೆದುಕೊಳ್ಳುವುದು ಎಂಥ ಕಷ್ಟವೆಂದು ಅವಳಿಗೆ ಅಂದೇ ತಿಳಿದದ್ದು.

ಅವಳ ಪಾಲಿಗೆ ಬಂದವನು ಮುದುಕ ಕಾಂಪೌಂಡರ್. ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದವನನ್ನು ಈ ಜ್ವರ ಮತ್ತೆ ಎಳೆದು ತಂದಿತ್ತು. ಒಳ್ಳೆಯ ಮನುಷ್ಯ, ಆದರೆ ಅವನ ಮಾತೆಲ್ಲ ಮೊಣಕಾಲಿನಲ್ಲೇ ಹುಟ್ಟಿ ಮೊಣಕಾಲಿನಲ್ಲೇ ಮುಗಿಯುತ್ತಿತ್ತು.

ಇನ್‌ಸ್ಪೆಕ್ಟರ್ ಹೊರಡುವಾಗ ಒಮ್ಮೆ ತಿರುಗಿ ನೋಡಿದ. ಏನೋ ಹೇಳುವವನಂತೆ ಹುಬ್ಬು ಏರಿಸಿದ. ಅವಳು ಔಷಧದ ಚೀಲದ ಬಕಲ್ ಹಾಕುವುದರಲ್ಲಿ ಮುಳುಗಿಹೋದಳು. ಬಕಲ್ ಆಗಲೇ ಹಾಕಿತ್ತು.

ಬದಲಾವಣೆಯನ್ನು ಅವನೇ ಕೇಳಿ ಮಾಡಿಸಿಕೊಂಡನಂತೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಕಚೇರಿಯ ಮೂಲೆಮೂಲೆಗೂ ಹಬ್ಬಿತು. ಗುಮಾಸ್ತನೇ ಕಣ್ಣಾರೆ ಕಂಡನಂತೆ: ಇನ್‌ಸ್ಪೆಕ್ಟರ್ ತಾನೇ ಸಾಹೇಬರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಾತಾಡಿ, ಕಿವಿ ಕೆಂಪಗೆ ಮಾಡಿಕೊಂಡು ಹೊರಬಂದನಂತೆ.

ಸಾಹೇಬರೆಂದರೆ ನಗರದ ಆರೋಗ್ಯಾಧಿಕಾರಿ. ಜನ ಅವರಿಗೆ ಇಟ್ಟ ಅಡ್ಡಹೆಸರು ಕಿಟಕಿ ಸಾಹೇಬರು. ಶಾಲೆ ಮುಚ್ಚಿಸಿದವರು ಅವರು, ನಾಟಕಶಾಲೆಗೆ ಬೀಗ ಹಾಕಿಸಿದವರು ಅವರು, ಅಂಗಡಿಗಳಿಗೆಲ್ಲ ಬೇರೆ ಬೇರೆ ಹೊತ್ತು ಗೊತ್ತುಮಾಡಿ ಟ್ರಾಮಿನ ನೂಕುನುಗ್ಗಲು ಬಿಡಿಸಿದವರು ಅವರು. ವರ್ತಕರು ದಂಡು ಕಟ್ಟಿಕೊಂಡು ಬಂದು ಬೈದುಹೋದರೂ, ಆ ಮನುಷ್ಯ ಕೊನೆಗೆ ಹೇಳುವುದು ಒಂದೇ ಮಾತು: ಕಿಟಕಿ ತೆಗೆದಿಡಿ.

ಆದರೆ ಗಿರಣಿ ಬೀದಿಯ ಉದ್ದನೆಯ ವಠಾರಗಳಲ್ಲಿ ಕಿಟಕಿ ತೆಗೆಯುವವರೇ ಇರಲಿಲ್ಲ. ಅಧಿಕಾರಿಗಳ ಕಣ್ಣಿಗೆ ರೋಗಿ ಬಿದ್ದರೆ ಹೊತ್ತುಕೊಂಡು ಹೋಗಿ, ಆಸ್ಪತ್ರೆಯಾಗಿ ಮಾಡಿದ ಶಾಲೆಯಲ್ಲಿ ಮಲಗಿಸುತ್ತಾರೆಂಬ ಭಯ. ಅದಕ್ಕೇ ಕೆಮ್ಮನ್ನು ದಿಂಬಿನೊಳಗೆ ಅಡಗಿಸಿ, ಒಳಗೊಳಗೇ ಬೇಯುತ್ತಿದ್ದರು. ನರ್ಸೂ ಇನ್‌ಸ್ಪೆಕ್ಟರನೂ ವಾರಗಟ್ಟಲೆ ಆ ಬೀದಿಯ ಬಾಗಿಲುಗಳನ್ನು ತಟ್ಟಿ ಕೈ ನೋಯಿಸಿಕೊಂಡಿದ್ದರು.

ಹಾಗೆ ತಟ್ಟುತ್ತ ತಟ್ಟುತ್ತಲೇ ಅವಳಿಗೆ ಅವನು ರೂಢಿಯಾದದ್ದು. ಅವನು ಈ ಕಚೇರಿಗೆ ಬಂದದ್ದು ಮಾಸ್ಕಿನ ಆಜ್ಞೆ ಹೊರಟ ಮೇಲೆ. ನೀರು ಕುಡಿಯುವಾಗಲೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಬೇಕೆಂಬುದು ನಿಯಮ. ಹೀಗಾಗಿ ಅವಳು ಕಂಡದ್ದು ಅವನ ಹಣೆ, ಹುಬ್ಬು, ಕಣ್ಣು, ಅಷ್ಟೇ. ಆದರೆ ಆ ಕಣ್ಣು ನಕ್ಕಾಗ ಅಂಚಿನಲ್ಲಿ ಬೀಳುವ ಸಣ್ಣ ಗೆರೆಗಳನ್ನು, ಎಳವೆಯಲ್ಲಿ ಕೇಳಿ ಕೇಳಿ ಬಾಯಿಗೆ ಬಂದ ಪದ್ಯದಂತೆ, ಅವಳು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು. ಅವಳನ್ನು ಅವನು ನರ್ಸಮ್ಮ ಎಂದು ಕರೆಯುತ್ತಿದ್ದ. ಮೆಟ್ಟಿಲು ಹತ್ತುವಾಗ ಚೀಲ ಇಸಿದುಕೊಳ್ಳುತ್ತಿದ್ದ. ಇಳಿಯುವಾಗ ಬೆಟ್ಟ ಹೊತ್ತವನಂತೆ ಏದುಸಿರು ಬಿಡುವ ನಾಟಕ ಬೇರೆ ಆಡುತ್ತಿದ್ದ.

ಈಗ ನಾಟಕ ಗೊತ್ತಿದ್ದವಳೇ ಅವನ ಜೊತೆಗೆ ಸೇರಿದ್ದಳು.

ತಡೆಯಲಾರದೆ ನರ್ಸು ಒಂದು ದಿನ ಕಾಂಪೌಂಡರನನ್ನು ಸುತ್ತುದಾರಿಯಲ್ಲಿ ನಡೆಸಿದಳು. ಈ ದಾರಿ ಹತ್ತಿರವೇನಮ್ಮಾ ಎಂದು ಅವನು ಕೇಳಿದ್ದಕ್ಕೆ, ಮೊಣಕಾಲಿಗೆ ಒಳ್ಳೆಯದು ಎಂದಳು. ಗಿರಣಿ ಬೀದಿಯ ತಿರುವಿನಲ್ಲಿ, ಮುಚ್ಚಿದ ಗಡಿಯಾರದಂಗಡಿಯ ನೆರಳಿನಲ್ಲಿ ಇಬ್ಬರೂ ನಿಂತರು.

ಗಾಯಕಿ ಬೀದಿಯ ನಡುವೆ ನಿಂತಿದ್ದಳು. ಕಿವಿಯ ಹಿಂದಿನ ದಾರ ಬಿಡಿಸಿ ಮಾಸ್ಕನ್ನು ತೆಗೆದು ಇನ್‌ಸ್ಪೆಕ್ಟರನ ಕೈಗೆ ಕೊಟ್ಟಳು. ಅವನು ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು, ದೀಪ ಹಿಡಿದವನಂತೆ ವಿನಯವಾಗಿ ಪಕ್ಕಕ್ಕೆ ಸರಿದ. ಅವಳು ಹಾಡಿದಳು.

ಚೆನ್ನಾಗಿ ಹಾಡಿದಳು ಎಂಬುದೇ ದುಃಖ. ನೀರು ಕೇಳುವ ಮಗುವನ್ನು ತಾಯಿ ಸಮಾಧಾನ ಮಾಡುವಂಥ ಹಾಡು. ಬಿಕೋ ಎನ್ನುವ ಬೀದಿಯಲ್ಲಿ ಆ ದನಿ ಒಂದೊಂದೇ ಮಹಡಿ ಹತ್ತಿತು. ಮೇಲೆಲ್ಲೋ ಒಂದು ಚಿಲಕ ಸದ್ದಾಯಿತು. ಒಂದು ಕಿಟಕಿ ಬೆರಳಗಲ ಬಿಚ್ಚಿತು, ಆಮೇಲೆ ಪಕ್ಕದ್ದು. ಎಷ್ಟು ತಟ್ಟಿದರೂ ಬಾಗಿಲು ತೆರೆಯದ ವಠಾರ, ಹಾಡಿಗೆ ತಾನಾಗಿ ಕಣ್ಣು ಬಿಟ್ಟಿತು. ಮೂರನೆಯ ಮಹಡಿಯಲ್ಲಿ ಕೆಂಡದಂಥ ಕೆನ್ನೆಯ ಹುಡುಗಿಯೊಬ್ಬಳನ್ನು ಯಾರೋ ಎತ್ತಿ ಹಿಡಿದು ಹಾಡು ಕೇಳಿಸುತ್ತಿದ್ದರು. ಇನ್‌ಸ್ಪೆಕ್ಟರ್ ಅದನ್ನು ಕಂಡವನೇ ಗಾಯಕಿಯತ್ತ ತಿರುಗಿದ. ಅವನ ಕಣ್ಣಂಚಿನಲ್ಲಿ ಗೆರೆಗಳು ಬಿದ್ದವು.

ನರ್ಸು ತನ್ನ ಮಾಸ್ಕಿನ ದಾರವನ್ನು ಇನ್ನಷ್ಟು ಬಿಗಿದಳು. ನನ್ನ ಮುಖ ಪೂರ್ತಿ ಹೇಗಿದೆಯೆಂದು ಆತನಿಗೆ ಗೊತ್ತಿಲ್ಲ. ಇವಳದ್ದು ಬೀದಿಗೊಂದು ಸಲ ದರ್ಶನ.

‘ಏನು ಕಂಠ ರೀ,’ ಎಂದ ಕಾಂಪೌಂಡರ್. ಅವನ ಕಣ್ಣಲ್ಲಿ ನೀರಿತ್ತು. ‘ನನ್ನ ಮೊಣಕಾಲು ನೋವು ಮರೆತೇಹೋಯ್ತು.’

‘ಗಾಳಿ ತಣ್ಣಗಿದೆ, ನಡೀರಿ. ಮತ್ತೆ ನೆನಪಾಗುತ್ತೆ,’ ಎಂದಳು ಅವಳು.

ಮನೆಯಲ್ಲಿ ಅತ್ತಿಗೆ ಕಚೇರಿಗಾಗಿ ಮಾಸ್ಕ್ ಹೊಲಿಯುತ್ತಿದ್ದಳು. ಊಟವಾದ ಮೇಲೆ ನಾದಿನಿಯಾದ ನರ್ಸೂ ಸೂಜಿ ಹಿಡಿದು ಕೂರುವುದಿತ್ತು. ಅವಳು ಹೊಲಿದದ್ದನ್ನು ಅತ್ತಿಗೆ ಬೆಳಕಿಗೆ ಹಿಡಿದು ನೋಡಿ, ಇದನ್ನು ಹಾಕಿಕೊಂಡವರಿಗೆ ಜ್ವರ ಬರುವುದಿಲ್ಲ ನಿಜ, ಉಸಿರೂ ಬರುವುದಿಲ್ಲ ಎಂದಳು. ಯಾರ ಮೇಲಿನ ಕೋಪವನ್ನು ಬಟ್ಟೆಯ ಮೇಲೆ ತೀರಿಸುತ್ತಿದ್ದೀ ಎಂದೂ ಕೇಳಿದಳು. ನಾದಿನಿ ಯಾರ ಮೇಲೂ ಇಲ್ಲವೆಂದಳು. ನಾಲ್ಕು ಹೊಲಿಗೆ ಹಾಕಿ, ನಾಟಕದವರಿಗೆ ನಾಚಿಕೆ ಕಡಿಮೆ ಅಲ್ಲವೇ ಎಂದಳು. ಅತ್ತಿಗೆ ದಾರವನ್ನು ಹಲ್ಲಿನಲ್ಲಿ ಕಡಿದು, ಬಾಯ್ತುಂಬ ನಕ್ಕಳು. ಆ ನಗುವಿಗಿಂತ ಬೈಗುಳ ವಾಸಿ.

ಮಲಗುವ ಮುಂಚೆ ಅವಳು ದಿನವೂ ದೇವರನ್ನು ಬೇಡಿಕೊಳ್ಳುತ್ತಿದ್ದಳು. ರೋಗಿಗಳನ್ನು ಕಾಪಾಡು, ಅಣ್ಣ ಅತ್ತಿಗೆಯನ್ನು ಕಾಪಾಡು, ಅವನನ್ನು ಕಾಪಾಡು. ಗಾಯಕಿಯ ಸರದಿ ಬಂದಾಗ ನಾಲಗೆ ತಡವರಿಸಿತು. ಅವಳನ್ನೂ ಕಾಪಾಡು, ಗಂಟಲೊಂದನ್ನು ಬಿಟ್ಟು, ಎಂದುಬಿಟ್ಟಳು. ಅಂದ ಕೂಡಲೆ ಗಾಬರಿಯಾಗಿ, ಗಂಟಲನ್ನೂ ಕಾಪಾಡು ಸ್ವಾಮಿ, ಎಂದು ತಿದ್ದಿದಳು.

ಆದರೂ ಮರುದಿನ ಸಾಹೇಬರ ಕೋಣೆಯ ಬಾಗಿಲು ತಟ್ಟಿದಳು.

ಚಳಿಗಾಳಿ ನುಗ್ಗುತ್ತಿದ್ದರೂ ಆ ಕೋಣೆಯ ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಮೇಜಿನ ಮೇಲಿನ ಕಾಗದಗಳಿಗೆಲ್ಲ ಕಲ್ಲು ಹೇರಿತ್ತು. ಸಾಹೇಬರು ಕೋಟಿನ ಕಾಲರ್ ಎತ್ತಿಕೊಂಡು ಕುಳಿತಿದ್ದರು. ನಿದ್ದೆ ಕಾಣದ ಕಣ್ಣು. ಅವಳು ನೆಟ್ಟಗೆ ನಿಂತು ದೂರು ಹೇಳಿದಳು. ಇಲಾಖೆಯ ಕೆಲಸದ ಮೇಲೆ ಹೋದವರೇ ಬೀದಿಯಲ್ಲಿ ಮಾಸ್ಕ್ ತೆಗೆದರೆ ಜನ ಯಾಕೆ ಹಾಕುತ್ತಾರೆ, ಅದನ್ನು ಪಕ್ಕದಲ್ಲಿ ನಿಂತವರು ತಡೆಯುವುದು ಬಿಟ್ಟು ಕೈಯಲ್ಲಿ ಹಿಡಿದುಕೊಂಡು ಸೇವೆ ಮಾಡಬಹುದೇ ಎಂದೆಲ್ಲ ಹೇಳಿದಳು. ಸೇವೆ ಎಂಬಲ್ಲಿ ದನಿ ಒಂದಿಷ್ಟು ಏರಿತು.

ಸಾಹೇಬರು ಪೂರ್ತಿ ಕೇಳಿದರು. ಮಾಸ್ಕ್ ತೆಗೆಯಲು ತಾವೇ ಅಪ್ಪಣೆ ಕೊಟ್ಟದ್ದಾಗಿ ಹೇಳಿದರು. ಬಯಲಿನಲ್ಲಿ, ಸುತ್ತ ಯಾರೂ ಇಲ್ಲದಾಗ, ಹಾಡುವಷ್ಟು ಹೊತ್ತು ಮಾತ್ರ. ಬಟ್ಟೆ ಕಟ್ಟಿಕೊಂಡು ಹಾಡಿದರೆ ಮೊದಲನೆಯ ಮಹಡಿಗೂ ಕೇಳುವುದಿಲ್ಲ. ಆ ಹಾಡಿನಿಂದ ಈ ವಾರ ಎಷ್ಟು ಕೋಣೆಗಳಿಗೆ ವೈದ್ಯರು ಹೋಗಲು ಸಾಧ್ಯವಾಯಿತೆಂದು ಅವಳಿಗೂ ಗೊತ್ತಿರಬೇಕಲ್ಲ?

ಗೊತ್ತಿತ್ತು.

‘ಕಳೆದ ವಾರ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಒಂದು ಪ್ರಶ್ನೆ ಕೇಳಿದ್ದೆ. ಜೊತೆಗೆ ಹೋಗೋರು ನಿಮಗೆ ಸಂಬಂಧಿಕರೇನು ಅಂತ. ನೆನಪಿದೆಯಾ?’

ನೆನಪಿತ್ತು. ಅಣ್ಣತಮ್ಮಂದಿರಿಬ್ಬರು ಒಂದೇ ಜೋಡಿಯಾಗಿ ಹೋಗಿ, ಒಟ್ಟಿಗೆ ಹಾಸಿಗೆ ಹಿಡಿದು, ಒಟ್ಟಿಗೇ ತೀರಿಕೊಂಡಿದ್ದರು. ಅವರ ತಾಯಿ ಈ ಅಂಗಳಕ್ಕೆ ಬಂದು ಕೂತದ್ದನ್ನು ಕಂಡವರಾರೂ ಮರೆತಿರಲಿಲ್ಲ. ಅಂದಿನಿಂದ ಒಂದು ಮನೆಯವರು ಒಂದು ಜೋಡಿಯಲ್ಲಿ ಇರಕೂಡದೆಂದು ಸಾಹೇಬರ ಆಜ್ಞೆ. ಅವಳು ಆ ಪ್ರಶ್ನೆಗೆ ಥಟ್ಟನೆ, ಇನ್‌ಸ್ಪೆಕ್ಟರರು ತನಗೆ ಏನೂ ಅಲ್ಲವೆಂದು ಹೇಳಿ ಹೊರಬಂದಿದ್ದಳು.

‘ನೀವು ಒಂದು ಉತ್ತರ ಕೊಟ್ರಿ. ಅವನು ಬೇರೆ ಕೊಟ್ಟ,’ ಎಂದರು ಸಾಹೇಬರು. ‘ಇನ್ನೂ ಏನೂ ಅಲ್ಲ ಸಾರ್, ಆದರೆ ಮದುವೆ ಅಂತ ಆದರೆ ಇವರನ್ನೇ ಅಂತಿದ್ದೀನಿ, ಅವರಿಗೆ ಹೇಳೋಕೆ ಇನ್ನೂ ಧೈರ್ಯ ಬಂದಿಲ್ಲ, ನಿಮ್ಮ ಹತ್ತಿರ ಸುಳ್ಳು ಹೇಳೋಕೂ ಬರ್ತಿಲ್ಲ ಅಂದ. ನಾನೇನು ಮಾಡಲಿ? ಒಂದೇ ಮನೆಯವರಾಗೋರನ್ನ ಒಟ್ಟಿಗೆ ಕಳಿಸೋ ಹಾಗಿಲ್ಲ, ಜೋಡಿ ಬಿಡಿಸಿದೆ.’

ಅವಳು ಮೇಜಿನ ಅಂಚಿನಲ್ಲಿದ್ದ ಕಲ್ಲೊಂದನ್ನು ಎತ್ತಿ ಮತ್ತೆ ಅದೇ ಕಾಗದದ ಮೇಲೆ ಇಟ್ಟಳು.

‘ಇದು ನಾನು ಹೇಳಬೇಕಾದ ಮಾತಲ್ಲ. ಆದರೆ ಗಿರಣಿ ಬೀದಿಯಲ್ಲಿ ಈಗ ಕಿಟಕಿ ತೆರೆದಿವೆ, ಒಳಗೆ ಹೋಗೋಕೆ ನರ್ಸ್ ಬೇಕು. ಗಾಯಕಿನ ಬೇರೆ ಬೀದಿಗೆ ಕಳಿಸಬಹುದು. ಅವನು ಹೇಳಿದ್ದು ಬರೀ ಅವನ ಆಸೆ, ನಿಮ್ಮ ಕಡೆಯಿಂದ ಏನೂ ಇಲ್ಲ ಅಂದ್ರೆ, ನಾಳೆಯಿಂದ ನೀವಿಬ್ಬರೂ ಮೊದಲಿನ ಹಾಗೇ ಒಟ್ಟಿಗೆ ಹೋಗಿ. ಇದೆ ಅಂದ್ರೆ, ಈ ಜ್ವರ ಊರು ಬಿಡೋವರೆಗೆ ಅವನು ಅವಳ ಜೊತೆ, ನೀವು ಕಾಂಪೌಂಡರ್ ಜೊತೆ. ಹೇಳಿ ಈಗ.’

ಇಂಥ ತಕ್ಕಡಿಯನ್ನು ಯಾವ ದೇವರು ಕೈಗೆ ಕೊಟ್ಟನೋ! ಒಂದು ಸಣ್ಣ ಸುಳ್ಳು ಹೇಳಿದರೆ ನಾಳೆ ಬೆಳಿಗ್ಗೆಯಿಂದ ಅವನು ಪಕ್ಕದಲ್ಲಿ: ಆ ಹುಬ್ಬು, ಆ ಏದುಸಿರಿನ ನಾಟಕ, ಎಲ್ಲ ತನ್ನದು. ನಿಜ ಹೇಳಿದರೆ, ಅವನನ್ನು ತಾನೇ ಕೈಯಾರೆ ಆ ಕಂಠದ ಪಕ್ಕಕ್ಕೆ ನೂಕಿದಂತೆ. ಗಾಳಿ ಕಲ್ಲಿನಡಿಯ ಕಾಗದಗಳನ್ನು ಪಟಪಟ ಬಡಿಯಿತು. ಅವಳು ಉತ್ತರ ಹೇಳಿ ಹೊರಬಂದಳು.

ಸಂಜೆ ಎಲ್ಲರೂ ಮರಳಿ ಬಂದು ಕೈ ತೊಳೆಯುವ ಹೊತ್ತಿಗೆ ಅವಳು ಅಂಗಳದ ನಲ್ಲಿಯ ಬಳಿ ನಿಂತಿದ್ದಳು. ಇನ್‌ಸ್ಪೆಕ್ಟರ್ ಮೊಣಕೈವರೆಗೆ ಸಾಬೂನು ಹಚ್ಚುತ್ತಿದ್ದ. ಗಾಯಕಿ ಆಗಲೇ ತೊಳೆದುಕೊಂಡು, ಮನೆಯಲ್ಲಿ ಗಂಡ ಕಾಯುತ್ತಿರುತ್ತಾನೆ ಎಂದು ಗುಮಾಸ್ತನಿಗೆ ಹೇಳಿ ಗೇಟು ದಾಟಿದ್ದಳು. ಗಂಡನ ಸುದ್ದಿ ನರ್ಸಿನ ಕಿವಿಗೆ ಬಿದ್ದರೂ, ಅವಳ ಹೊಟ್ಟೆಯುರಿ ಅಷ್ಟಕ್ಕೆಲ್ಲ ಆರುವ ಜಾತಿಯದಲ್ಲ.

‘ನನಗಿಂತ ಮುಂಚೆ ಸಾಹೇಬರಿಗೆ ಹೇಳಿದ್ರಂತೆ,’ ಎಂದಳು.

ಅವನ ಕೈ ನಿಂತಿತು. ಕಿವಿ ಕೆಂಪಾಯಿತು. ಗುಮಾಸ್ತ ಅದೊಂದನ್ನು ಸುಳ್ಳು ಹೇಳಿರಲಿಲ್ಲ.

‘ಅವರು ಕೇಳಿದ್ರು. ನೀವು ಕೇಳಲಿಲ್ಲ.’

‘ನಾನಾಗಿ ಕೇಳ್ತೀನೇನು?’

‘ದಿನಾ ಸಾವಿನ ಮನೆಗೆ ಹೋಗಿ ಬರ್ತಿದ್ವಿ ನರ್ಸಮ್ಮ. ಆ ಮೆಟ್ಟಿಲು ಇಳೀತಾ ಹೇಗೆ ಹೇಳಲಿ? ಬೇಡ ಅನ್ನಬೇಕು ಅನ್ಸಿದ್ರೂ ನೀವು ಮಾರನೇ ದಿನ ನನ್ನ ಜೊತೇನೇ ನಡೀಬೇಕಿತ್ತು. ಅದು ಸರಿ ಅಲ್ಲ ಅನ್ನಿಸ್ತು. ಎಲ್ಲ ಮುಗೀಲಿ ಅಂತಿದ್ದೆ.’

ಅವಳು ನಲ್ಲಿಯನ್ನೇ ನೋಡುತ್ತಿದ್ದಳು. ಬೇರೆ ಜೋಡಿ ಆದ ದಿನ ಒಂದು ಮಾತು ಹೇಳಬಹುದಿತ್ತು ಎಂದು ದೂರಿದಳು. ಹೇಳಲೆಂದೇ ತಿರುಗಿದ್ದೆ, ನೀವು ಬಕಲ್ ಹಾಕುತ್ತಿದ್ದಿರಿ, ಎಂದ ಅವನು.

‘ಸಾಹೇಬರು ನಿಮ್ಮನ್ನೂ ಕೇಳಿದ್ರಾ?’ ಅವನ ದನಿ ಸಣ್ಣಗಾಗಿತ್ತು. ‘ನಾಳೆ ನಾವು... ಒಟ್ಟಿಗಾ?’

ಒಟ್ಟಿಗೆ ಎಂದರೆ ಅವಳಿಗೆ ತಾನು ಏನೂ ಅಲ್ಲ ಎಂದರ್ಥ. ಅದು ಅವನಿಗೂ ಗೊತ್ತಿತ್ತು. ಕೇಳುವವನ ಕಣ್ಣಲ್ಲೇ ಆ ಹೆದರಿಕೆ ಕೂತಿತ್ತು. ಅವಳಿಗೆ ಒಂದು ಗಳಿಗೆ ಸತಾಯಿಸುವ ಮನಸ್ಸಾಯಿತು. ಇಷ್ಟು ದಿನ ಸುಟ್ಟದ್ದಕ್ಕೆ ಅಷ್ಟಾದರೂ ಬೇಡವೇ? ಆದರೆ ಆ ಕಣ್ಣು ನೋಡಿ ಆಗಲಿಲ್ಲ.

‘ಇಲ್ಲ,’ ಎಂದಳು. ‘ನಾಳೆನೂ ನೀವು ಅವಳ ಜೊತೆಗೇ ಹೋಗಬೇಕು.’

ಸಾಬೂನಿನ ನೊರೆ ಅವನ ಮೊಣಕೈಯಿಂದ ಜಾರಿತು. ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಇಳಿದಾಗ, ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಬೆಳಕು ಬಂತು. ಸಾಬೂನಿನ ಕೈಯನ್ನು ಮುಂದೆ ಚಾಚಿ, ಎಚ್ಚೆತ್ತುಕೊಂಡು, ಹಿಂದಕ್ಕೆ ತೆಗೆದುಕೊಂಡ.

‘ಜ್ವರ ಹೋಗೋವರೆಗೂ?’

‘ಹೋಗೋವರೆಗೂ. ಆಮೇಲೆ ಒಂದು ದಿನವೂ ಇಲ್ಲ.’

‘ಆಗಲಿ.’

‘ಅವಳು ಹಾಡುವಾಗ ಕಿಟಕಿ ನೋಡಿ. ಅವಳನ್ನ ನೋಡಬೇಡಿ.’

‘ಆಗಲಿ.’

‘ನಗಬೇಡಿ.’

‘ಅದು ಕಷ್ಟ,’ ಎಂದ ಅವನು. ‘ಇವತ್ತಿಂದ ನಾಲ್ಕು ದಿನ ನಗು ನನ್ನ ಮಾತು ಕೇಳೋಲ್ಲ.’

ಗುಮಾಸ್ತ ದೂರದಿಂದ, ನೀರು ಸುಮ್ಮನೆ ಹೋಗುತ್ತಿದೆ ಎಂದು ಗದರಿದ. ಇಬ್ಬರೂ ಒಟ್ಟಿಗೇ ನಲ್ಲಿಗೆ ಕೈ ಹಾಕಿ, ಇಬ್ಬರೂ ಒಟ್ಟಿಗೇ ಹಿಂದೆ ತೆಗೆದರು. ನೀರು ಹರಿಯುತ್ತಲೇ ಇತ್ತು.